ಪದೇ ಪದೇ ಟ್ರಿಪ್ ಆಗುತ್ತೆ ಅಂತ ಇಎಲ್‌ಸಿಬಿ ತೆಗೆಸಿದ್ದೆವು

"ಅತ್ತೆ, ಏಣಿ ಕಚ್ಚುತ್ತೆ" ಅಂದ ನನ್ನ ತಮ್ಮನ ಮಗ. ಆರು ವರ್ಷದವನು. ಈಜುಕೊಳದಿಂದ ಮೇಲೆ ಬಂದು, ಒದ್ದೆ ಕಲ್ಲಿನ ಮೇಲೆ ನಿಂತು ಸ್ಟೀಲ್ ಏಣಿ ಹಿಡಿದಿದ್ದ. ಇರುವೆ ಇರಬೇಕು ಕಣೋ ಅಂದೆ. ನಾನೂ ಮುಟ್ಟಿ ನೋಡಿದೆ, ಏನೂ ಆಗಲಿಲ್ಲ. ಹೇಗೆ ಆಗುತ್ತೆ? ನನ್ನ ಕಾಲಲ್ಲಿ ಹವಾಯಿ ಚಪ್ಪಲಿ ಇತ್ತು, ಕೈ ಒಣಗಿತ್ತು.

ಸಕಲೇಶಪುರದ ಹತ್ತಿರ ನಮ್ಮದೊಂದು ಪುಟ್ಟ ಹೋಂಸ್ಟೇ ಇದೆ. ಹಿತ್ತಲಲ್ಲಿ 20 ಅಡಿ ಉದ್ದದ ಕೊಳ. ಡಿಸೆಂಬರ್ ಬಂತು ಅಂದರೆ ಆ ನೀರಿಗೆ ಕಾಲಿಡೋಕೂ ಆಗಲ್ಲ. ಬಂದವರೆಲ್ಲ ಅಂಚಲ್ಲಿ ಕೂತು ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು. ಅದಕ್ಕೇ ಪಂಪಿನ ಪೈಪಿಗೆ ಜೋಡಿಸುವ 3 ಕಿಲೋವಾಟ್ ಹೀಟರ್ ತಂದೆವು. ಸೆಕೆಂಡ್ ಹ್ಯಾಂಡ್. ಅರ್ಧ ಬೆಲೆಗೆ ಸಿಕ್ಕಿತು ಅಂತ ಖುಷಿ ಬೇರೆ.

ಮೊದಲ ತಪ್ಪು ಅಲ್ಲೇ ಶುರುವಾಯಿತು. 3 ಕಿಲೋವಾಟ್ ಅಂದರೆ ಸುಮಾರು 13 ಆಂಪ್ಸ್ ಎಳೆಯುತ್ತದೆ. ನಾವು ಕೊಟ್ಟಿದ್ದು ವಾಷಿಂಗ್ ಮೆಷಿನ್ ಪ್ಲಗ್ಗಿನಿಂದ ಎಳೆದ ಎಕ್ಸ್‌ಟೆನ್ಷನ್ ವೈರ್. ಉದ್ದ ಜಾಸ್ತಿಯಾಗಿದ್ದನ್ನು ಸುರುಳಿ ಸುತ್ತಿ ಮೂಲೆಯಲ್ಲಿ ಇಟ್ಟಿದ್ದೆವು. ಒಂದು ಸಂಜೆ ನಮ್ಮ ಬೆಕ್ಕು ಆ ಸುರುಳಿಯ ಮೇಲೆ ಮಲಗಿತ್ತು. ಚಳಿಗೆ ಬೆಚ್ಚಗಿದೆ ಅಂತ! ನಾವು ನಕ್ಕು ಸುಮ್ಮನಾದೆವು. ವೈರ್ ಯಾಕೆ ಬಿಸಿಯಾಗಿದೆ ಅಂತ ಒಬ್ಬರಿಗೂ ಹೊಳೆಯಲಿಲ್ಲ.

ಹಾಕಿದ ಮೂರನೇ ದಿನದಿಂದ, ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್ಚಾದ ಇಎಲ್‌ಸಿಬಿ ಟ್ರಿಪ್ ಆಗತೊಡಗಿತು. ಎತ್ತಿ ಇಟ್ಟರೆ ಹತ್ತು ನಿಮಿಷಕ್ಕೆ ಮತ್ತೆ ಟಕ್. ಇಡೀ ಮನೆ ಕತ್ತಲು. ಎಲೆಕ್ಟ್ರಿಷಿಯನ್ ಬಂದ. "ಏನಿಲ್ಲ ಅಕ್ಕಾ, ಜಾಯಿಂಟಿಗೆ ಇಬ್ಬನಿ ಬಿದ್ದಿದೆ" ಅಂತ ಇನ್ನೊಂದು ಸುತ್ತು ಟೇಪ್ ಸುತ್ತಿದ. ಮತ್ತೆ ಟಕ್. ಆಗ ಇಎಲ್‌ಸಿಬಿಯನ್ನೇ ಬಿಟ್ಟು ವೈರ್ ನೇರ ಸೇರಿಸಿದ. "ಎಂಸಿಬಿ ಇದೆಯಲ್ಲ, ಸಾಕು" ಅಂದ. ಶನಿವಾರಕ್ಕೆ ಎರಡು ರೂಮ್ ಬುಕ್ ಆಗಿತ್ತು. ನನಗೂ ಅದೇ ಬೇಕಿತ್ತು, ಸುಳ್ಳು ಯಾಕೆ ಹೇಳಲಿ.

ಎಂಸಿಬಿ, ಅಂದರೆ ಲೋಡ್ ಜಾಸ್ತಿಯಾದರೆ ಬೀಳುವ ಸ್ವಿಚ್, ಸಾಕಾಗಲ್ಲ. ಅದು ಕಾಯುವುದು ವೈರನ್ನು, ನಮ್ಮನ್ನಲ್ಲ. 16 ಆಂಪ್ಸ್ ದಾಟಿದರೆ ಮಾತ್ರ ಅದು ಎಚ್ಚರವಾಗುತ್ತದೆ. ಇಎಲ್‌ಸಿಬಿ ಹಾಗಲ್ಲ. ಹೋದ ಕರೆಂಟ್ ಅಷ್ಟೂ ವಾಪಸ್ ಬಂತಾ ಅಂತ ಲೆಕ್ಕ ಇಡುತ್ತದೆ. ಮನೆಗೆ ಹಾಕುವಂಥದ್ದು 30 ಮಿಲಿಆಂಪ್ಸ್ ಕಡಿಮೆ ಬಂದರೂ ಲೈನ್ ಕಡಿಯುತ್ತದೆ. 16 ಆಂಪ್ಸಿನ ಐನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಅದು. ಒದ್ದೆ ಮೈಯ ಮನುಷ್ಯನ ಜೀವ ತೆಗೆಯೋಕೆ ಅದಕ್ಕಿಂತ ತುಂಬಾ ಜಾಸ್ತಿ ಏನೂ ಬೇಕಾಗಿಲ್ಲ.

ಏಣಿಯ ವಿಷಯಕ್ಕೆ ಬರುತ್ತೇನೆ. ನಮ್ಮ ಮಾವನವರು "ಮಗು ಸುಮ್ನೆ ಹೇಳಲ್ಲ" ಅಂತ ಟೆಸ್ಟರ್ ತಂದು ಏಣಿಗೆ ಇಟ್ಟರು. ಉರಿಯಿತು. ಹುಡುಗನ ಅಕ್ಕ ಇನ್ನೂ ನೀರಲ್ಲೇ ಇದ್ದಳು. ನಾನು ಓಡಿಹೋಗಿ ಕೈ ಹಿಡಿದು ಎಳೆಯೋಕೆ ಬಗ್ಗಿದೆ. "ನೀರು ಮುಟ್ಟಬೇಡ! ಮೇನ್ ತೆಗಿ!" ಅಂತ ಕೂಗಿದರು. ಬೋರ್ಡು ಅಡುಗೆಮನೆಯ ಪಕ್ಕದಲ್ಲಿದೆ, ಕೊಳದಿಂದ ಇಪ್ಪತ್ತು ಹೆಜ್ಜೆ. ಆ ಇಪ್ಪತ್ತು ಹೆಜ್ಜೆ ಈಗಲೂ ಕನಸಲ್ಲಿ ಬರುತ್ತೆ. ಮಕ್ಕಳಿಗೆ ಏನೂ ಆಗಲಿಲ್ಲ. ಪುಣ್ಯ, ಅಷ್ಟೇ.

ಹಾಸನದಿಂದ ಬೇರೆ ಎಲೆಕ್ಟ್ರಿಷಿಯನ್ ಕರೆಸಿದೆವು. ಹೀಟರಿನ ಕಾಯಿಲ್ ಒಡೆದು ಒಳಗೆ ನೀರು ಸೇರಿತ್ತು. ಕರೆಂಟ್ ನೇರವಾಗಿ ಕೊಳದ ನೀರಿಗೇ ಇಳಿಯುತ್ತಿತ್ತು. ಆಮೇಲೆ ಅವರು ಪ್ಲಗ್ ಟಾಪ್ ಬಿಚ್ಚಿ ನನ್ನ ಕೈಗೆ ಕೊಟ್ಟರು. ಮೂರು ಪಿನ್, ಎರಡೇ ವೈರ್. ದಪ್ಪ ಪಿನ್ನಿನ ಸ್ಕ್ರೂ ಹೊಸದರಂತೆ ಹೊಳೆಯುತ್ತಿತ್ತು, ಯಾರೂ ಅದನ್ನು ತಿರುಗಿಸಿಯೇ ಇರಲಿಲ್ಲ. ಅರ್ಥ್ ಅನ್ನೋದೇ ಇರಲಿಲ್ಲ. ಪಾಪದ ಇಎಲ್‌ಸಿಬಿ ಸರಿಯಾಗಿಯೇ ಹೇಳುತ್ತಿತ್ತು, ನಾವೇ ಅದರ ಬಾಯಿ ಮುಚ್ಚಿಸಿದ್ದು.

ಈಗ ಹೀಟರಿಗೆ ಮೇನ್ ಬೋರ್ಡಿನಿಂದಲೇ ಬೇರೆ ಲೈನ್ ಇದೆ. 4 ಸ್ಕ್ವೇರ್ ಎಂಎಂ ಮೂರು ಕೋರ್ ಕೇಬಲ್, ನೆಲದಡಿ ಪೈಪಿನಲ್ಲಿ, ನಡುವೆ ಒಂದೂ ಜಾಯಿಂಟ್ ಇಲ್ಲ. ಅದಕ್ಕೇ ಅಂತ 30 ಮಿಲಿಆಂಪ್ಸಿನ ಇಎಲ್‌ಸಿಬಿ. ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ ಸ್ವಿಚ್ ಕೊಳದಿಂದ 15 ಅಡಿ ದೂರದಲ್ಲಿ, ಮಳೆ ಬೀಳದ ಕಡೆ. ಹೊಸ ಅರ್ಥ್ ಗುಂಡಿ ತೋಡಿಸಿದೆವು, ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕೋದು ಮಾವನವರ ಕೆಲಸ. ಏಣಿ, ಕಂಬಿ, ಪಂಪಿನ ಬಾಡಿ ಎಲ್ಲವನ್ನೂ ತಾಮ್ರದ ತಂತಿಯಿಂದ ಒಂದಕ್ಕೊಂದು ಸೇರಿಸಿ ಅರ್ಥ್ ಮಾಡಿಸಿದ್ದೇವೆ. ಇಷ್ಟಾದರೂ ನೀರಲ್ಲಿ ಜನ ಇದ್ದಾಗ ಹೀಟರ್ ಹಾಕಲ್ಲ. ಬೆಳಗ್ಗೆ ಕಾಯಿಸಿ, ಆರಿಸಿ, ಆಮೇಲೆ ಬಿಡುತ್ತೇವೆ. ಕೆಲವರು ಗೊಣಗುತ್ತಾರೆ, ಗೊಣಗಲಿ.

ನಿಮ್ಮನೆಯಲ್ಲಿ ಕೊಳ ಇಲ್ಲದಿರಬಹುದು, ಗೀಸರ್ ಇದೆ ಅಲ್ವಾ? ಬೋರ್ಡಿನಲ್ಲಿ ಇಎಲ್‌ಸಿಬಿ ಇದೆಯಾ, ಅಥವಾ ಯಾರಾದರೂ ಅದನ್ನು ಬಿಟ್ಟು ವೈರ್ ಸೇರಿಸಿದ್ದಾರಾ ನೋಡಿಸಿ. ಅದರ ಮೇಲೆ 'ಟಿ' ಅಂತ ಒಂದು ಪುಟ್ಟ ಬಟನ್ ಇರುತ್ತೆ. ಒತ್ತಿದರೆ ಟಕ್ ಅಂತ ಬೀಳಬೇಕು.

ನಾವು ಪ್ರತಿ ಶುಕ್ರವಾರ ಒತ್ತುತ್ತೇವೆ. ಬಿದ್ದರೆ ಮಾತ್ರ ಕೊಳದ ಗೇಟಿನ ಬೀಗ ತೆಗೆಯೋದು. ಈ ವಾರ ಬೀಳಲಿಲ್ಲ. ಹೊಸದು ತರೋಕೆ ನಮ್ಮನೆಯವರು ಹಾಸನಕ್ಕೆ ಹೋಗಿದ್ದಾರೆ, ಬೀಗದ ಕೈ ನನ್ನ ಸೊಂಟದಲ್ಲಿದೆ.