ಪ್ರಗತಿ ವಿದ್ಯಾರ್ಥಿವೇತನ: ನಾಲ್ಕು ವರ್ಷ ಪಡೆದ ಹಾಸನದ ಒಂದು ಮನೆಯ ಅನುಭವ

ಎಂಜಿನಿಯರಿಂಗ್ ಅಥವಾ ಡಿಪ್ಲೊಮಾಗೆ ಸೇರುವ ಹೆಣ್ಣುಮಕ್ಕಳಿಗಾಗಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು 2014–15ರಿಂದ ನಡೆಸುತ್ತಿರುವ ಪ್ರಗತಿ ವಿದ್ಯಾರ್ಥಿವೇತನದ ಬಗ್ಗೆ ನಮ್ಮ ಆಲೂರು, ಹಾಸನದ ಕಡೆಯ ಪೋಷಕರು ನನ್ನನ್ನು ಮೊದಲು ಕೇಳುವುದು ಹಣ ನಿಜವಾಗಿಯೂ ಕೈಸೇರುತ್ತದೆಯೇ ಎಂದು. ಸೇರುತ್ತದೆ. ನನ್ನ ಹಿರಿಯ ಮಗಳು 2021ರಲ್ಲಿ ಹಾಸನದ ಎಂಜಿನಿಯರಿಂಗ್ ಕಾಲೇಜೊಂದರ ಎಲೆಕ್ಟ್ರಾನಿಕ್ಸ್ ವಿಭಾಗಕ್ಕೆ ಸೇರಿ 2025ರಲ್ಲಿ ಓದು ಮುಗಿಸಿದಳು. ನಾಲ್ಕೂ ವರ್ಷ ವರ್ಷಕ್ಕೆ 50,000 ರೂಪಾಯಿಯಂತೆ ಒಟ್ಟು ಎರಡು ಲಕ್ಷ ರೂಪಾಯಿ ಅವಳ ಸ್ವಂತ ಖಾತೆಗೇ ಬಂದಿತು.

ನಿಯಮಗಳು ಸರಳವಾಗಿವೆ. ಪರಿಷತ್ತಿನ ಮಾನ್ಯತೆ ಇರುವ ಕಾಲೇಜಿನಲ್ಲಿ ಮೊದಲ ವರ್ಷಕ್ಕೆ, ಅಥವಾ ಡಿಪ್ಲೊಮಾ ಮುಗಿಸಿ ನೇರವಾಗಿ ಎರಡನೆಯ ವರ್ಷಕ್ಕೆ ಸೇರಿರಬೇಕು. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿ ಮೀರಿರಬಾರದು. ಒಂದು ಕುಟುಂಬದ ಇಬ್ಬರು ಹೆಣ್ಣುಮಕ್ಕಳವರೆಗೆ ಅವಕಾಶವಿದೆ. ಅರ್ಜಿಯನ್ನು ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಹಾಕಬೇಕು. ಆಯ್ಕೆ ನಡೆಯುವುದು ಅರ್ಹತಾ ಪರೀಕ್ಷೆಯ ಅಂಕಗಳ ಮೇಲೆ. ನಮ್ಮ ಮಗಳ ವಿಷಯದಲ್ಲಿ ಅದು ದ್ವಿತೀಯ ಪಿಯುಸಿ.

ಈ ಹಣದ ನಿಜವಾದ ಗುಣ ನನಗೆ ತಿಳಿದದ್ದು ಮೊತ್ತದಿಂದಲ್ಲ. ಮಗನ ಓದಿಗೆ ಸಾಲ ಮಾಡುವ ನಮ್ಮಂಥ ಮನೆಗಳು ಮಗಳ ಓದಿನ ಮಾತು ಬಂದಾಗ ಲೆಕ್ಕ ಹಾಕಲು ಕೂರುತ್ತವೆ. ಶುಂಠಿಗೆ ಬೆಲೆ ಸಿಕ್ಕ ವರ್ಷ ಯಾರೂ ಏನೂ ಹೇಳುವುದಿಲ್ಲ, ಬೆಲೆ ಬಿದ್ದ ವರ್ಷ, "ಹುಡುಗಿಗೆ ಬಿ.ಎಸ್ಸಿ. ಮಾಡಿಸಿ ಬಿ.ಎಡ್. ಕಟ್ಟಿಸಿದರೆ ಸಾಲದೇ?" ಎಂಬ ಮಾತು ಅಡುಗೆಮನೆಯಿಂದಲೇ ಏಳುತ್ತದೆ. ನಮ್ಮ ತಾಯಿಯವರೂ ಹಾಗೆ ಹೇಳಿದ್ದರು, ನಾನೂ ಎರಡು ದಿನ ಹಾಗೆಯೇ ಯೋಚಿಸಿದ್ದೆ. ಮೊದಲ ಸಲ ಹಣ ಬಂದ ದಿನ ಮಗಳು ಬ್ಯಾಂಕಿನಲ್ಲಿ ಪಾಸ್‌ಬುಕ್ಕನ್ನು ಯಂತ್ರಕ್ಕೆ ಕೊಟ್ಟು, ಅದು ಕಿರ್‍ರೆಂದು ಸದ್ದು ಮಾಡಿ ಹೊರಬಂದ ಮೇಲೆ ಆ ಒಂದು ಸಾಲನ್ನು ಬೆರಳಿಟ್ಟು ಎರಡು ಸಲ ಓದಿದಳು. ಮನೆಗೆ ಬಂದವಳೇ, "ಅಪ್ಪಾ, ಈ ಸಲದ ಪರೀಕ್ಷಾ ಶುಲ್ಕ ನಾನೇ ಕಟ್ಟುತ್ತೇನೆ, ನೀವು ತೋಟದ ಗೊಬ್ಬರ ನೋಡಿಕೊಳ್ಳಿ" ಎಂದಳು. ಅಂದಿನಿಂದ ಅವಳ ಓದು ನಿಲ್ಲಿಸುವ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತಲಿಲ್ಲ. ಬಳಸಿದ ಲ್ಯಾಪ್‌ಟಾಪ್ ಒಂದನ್ನು ಕೊಂಡದ್ದೂ, ಕೊನೆಯ ವರ್ಷದ ಪ್ರಾಜೆಕ್ಟಿಗೆ ಬಿಡಿಭಾಗಗಳನ್ನು ತರಿಸಿದ್ದೂ ಅದೇ ಹಣದಿಂದ. ಶುಲ್ಕ, ಪುಸ್ತಕ, ಕಂಪ್ಯೂಟರ್, ಉಪಕರಣ ಯಾವುದಕ್ಕೆ ಬೇಕಾದರೂ ಬಳಸಬಹುದೆಂಬ ಸ್ವಾತಂತ್ರ್ಯ ಈ ಯೋಜನೆಯ ದೊಡ್ಡ ಬಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಆಲೂರಿನಿಂದ ಓಡಾಡುವ ಬಸ್ಸಿನ ಖರ್ಚೂ ಇಲ್ಲವಾಯಿತು.

ನಂಜನಗೂಡು ಮೂಲದ ರಾಜೇಶ್ವರಿ ಚಟರ್ಜಿಯವರು 1940ರ ದಶಕದಲ್ಲಿ ಸರ್ಕಾರದ ವಿದ್ಯಾರ್ಥಿವೇತನ ಪಡೆದು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋಗಿ, ಹಿಂದಿರುಗಿದ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್ ಎಂಜಿನಿಯರಿಂಗ್ ಕಲಿಸಿದರು. ಮಗಳು ಓದುತ್ತಿದ್ದ ವಿಷಯವೂ ಅದರ ಹತ್ತಿರದ್ದೇ ಆದ್ದರಿಂದ ಈ ಸಂಗತಿಯನ್ನು ಅವಳೇ ನನಗೆ ಹೇಳಿದ್ದು.

ಇನ್ನು ಕೊರತೆಗಳು. ಯೋಜನೆ ಆರಂಭವಾದಾಗ ಶುಲ್ಕಕ್ಕೆಂದು 30,000 ರೂಪಾಯಿಯವರೆಗೆ ಮತ್ತು ಇತರ ಖರ್ಚಿಗೆ ತಿಂಗಳಿಗೆ 2,000 ರೂಪಾಯಿಯಂತೆ ಹತ್ತು ತಿಂಗಳು ಕೊಡುತ್ತಿದ್ದರು, ಅಲ್ಲಿಗೆ 50,000. ಇಂದಿಗೂ ಅಷ್ಟೇ ಇದೆ. ಈ ಅವಧಿಯಲ್ಲಿ ಕಾಲೇಜಿನ ಶುಲ್ಕವಾಗಲಿ ಹಾಸ್ಟೆಲಿನ ಊಟದ ದರವಾಗಲಿ ನಿಂತಲ್ಲೇ ನಿಂತಿಲ್ಲ. ಅದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು, ಹೊಸ ಅರ್ಜಿಗೆ ಬಾಗಿಲು ತೆರೆಯುವುದು ಒಂದೇ ಸಲ ಎಂಬ ನಿಯಮ. ಮೊದಲ ವರ್ಷ ತಪ್ಪಿದರೆ ಮುಂದಿನ ವರ್ಷಗಳಲ್ಲಿ ಮನೆಯ ಪರಿಸ್ಥಿತಿ ಎಷ್ಟೇ ಕೆಟ್ಟರೂ ಹೊಸದಾಗಿ ಕೇಳುವಂತಿಲ್ಲ. ತಂದೆಯನ್ನು ಕಳೆದುಕೊಂಡ ಎರಡನೆಯ ವರ್ಷದ ಹುಡುಗಿಗೂ ಇದೇ ನಿಯಮ ಎಂಬುದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ.

ಆ ಒಂದು ಅವಕಾಶವೂ ನಮ್ಮ ಕೈತಪ್ಪುವುದರಲ್ಲಿತ್ತು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮಗಳ ಹೆಸರಿನ ಜೊತೆ ಎರಡು ಇನಿಶಿಯಲ್ ಮಾತ್ರ ಇದ್ದವು, ಆಧಾರ್ ಕಾರ್ಡಿನಲ್ಲಿ ನನ್ನ ಹೆಸರು ಪೂರ್ತಿಯಾಗಿ ಸೇರಿಕೊಂಡಿತ್ತು. ಪರಿಶೀಲನೆಯಲ್ಲಿ ಅರ್ಜಿ ತಿದ್ದುಪಡಿಗೆಂದು ವಾಪಸು ಬಂತು. ಆಧಾರ್ ತಿದ್ದಿಸಿ ಮತ್ತೆ ಸಲ್ಲಿಸುವ ಹೊತ್ತಿಗೆ ಕೊನೆಯ ದಿನಾಂಕಕ್ಕೆ ಉಳಿದಿದ್ದದ್ದು ನಾಲ್ಕು ದಿನ. ಎರಡನೆಯ ವರ್ಷ ಇನ್ನೊಂದು ಬಗೆಯ ತೊಂದರೆಯಾಯಿತು. ಹಣ ಬಿಡುಗಡೆಯಾಗಿದೆ ಎಂದು ಪೋರ್ಟಲ್ ತೋರಿಸುತ್ತಿತ್ತು, ಪಾಸ್‌ಬುಕ್‌ನಲ್ಲಿ ಮಾತ್ರ ಏನೂ ಇರಲಿಲ್ಲ. ಮೂರು ತಿಂಗಳು ಅಲೆದ ನಂತರ ಗೊತ್ತಾದದ್ದೇನೆಂದರೆ, ಹೈಸ್ಕೂಲಿನಲ್ಲಿ ತೆರೆಸಿದ್ದ ಹಳೆಯ ಖಾತೆಗೆ ಅವಳ ಆಧಾರ್ ಜೋಡಣೆಯಾಗಿದ್ದರಿಂದ ಹಣ ಅಲ್ಲಿ ಹೋಗಿ ಕುಳಿತಿತ್ತು. ಅರ್ಜಿಯಲ್ಲಿ ಬರೆದ ಖಾತೆ ಯಾವುದೇ ಇರಲಿ, ನೇರ ವರ್ಗಾವಣೆಯ ಹಣ ಆಧಾರ್ ಜೋಡಣೆಯಾದ ಖಾತೆಯನ್ನೇ ಹುಡುಕಿಕೊಂಡು ಹೋಗುತ್ತದೆ. ಇದನ್ನು ಹೇಳುವವರು ನಮಗೆ ಮೊದಲೇ ಸಿಕ್ಕಿದ್ದರೆ ಅಷ್ಟು ಬಸ್ ಹತ್ತಿ ಇಳಿಯಬೇಕಿರಲಿಲ್ಲ.

ಪ್ರತಿ ವರ್ಷ ನವೀಕರಣ ಕಡ್ಡಾಯ. ಮುಂದಿನ ತರಗತಿಗೆ ತೇರ್ಗಡೆಯಾದ ಬಗ್ಗೆ ಕಾಲೇಜಿನ ಪತ್ರ ಬೇಕು. ಅರ್ಜಿಗಳನ್ನು ಪರಿಶೀಲಿಸುವ ಕಾಲೇಜಿನ ನೋಡಲ್ ಅಧಿಕಾರಿ ಯಾರೆಂದು ಸೇರಿದ ವಾರದಲ್ಲೇ ವಿಚಾರಿಸಿಟ್ಟುಕೊಳ್ಳುವುದು ಒಳ್ಳೆಯದು. ಆದಾಯ ಪ್ರಮಾಣಪತ್ರವನ್ನು ಸೀಟು ಸಿಗುವ ಮೊದಲೇ ನಾಡಕಚೇರಿಯಿಂದ ಮಾಡಿಸಿಟ್ಟುಕೊಳ್ಳಿ.

ವಿಜ್ಞಾನ ಪದವಿಯ ಹುಡುಗಿಯರಿಗೆ ಈ ಯೋಜನೆ ಅನ್ವಯಿಸುವುದಿಲ್ಲ ಎಂಬುದನ್ನೂ ಹೇಳಬೇಕು. ಹಾಸನದಲ್ಲೇ ಬಿ.ಎಸ್ಸಿ. ಭೌತಶಾಸ್ತ್ರಕ್ಕೆ ಸೇರಿದ ನನ್ನ ತಂಗಿಯ ಮಗಳು ಇದನ್ನು ನಂಬಿಕೊಂಡು ಬಂದು ನಿರಾಶಳಾದಳು. ಪ್ರಯೋಗಾಲಯದಲ್ಲಿ ನಿಂತು ಲೋಲಕದ ಆವರ್ತ ಎಣಿಸುವ ಹುಡುಗಿಯ ಮನೆಯ ಕಷ್ಟ ಎಂಜಿನಿಯರಿಂಗ್ ಓದುವವಳ ಮನೆಯ ಕಷ್ಟಕ್ಕಿಂತ ಕಡಿಮೆಯೇನಲ್ಲ. ಸರ್ಕಾರಿ ಶಾಲೆ ಮತ್ತು ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ಓದಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ವರ್ಷಕ್ಕೆ 30,000 ರೂಪಾಯಿ ಕೊಡುತ್ತದೆ. ಅದಕ್ಕೆ ವಿಜ್ಞಾನ ಪದವಿಯೂ ಆದೀತು. ಅವಳು ಈಗ ಅಲ್ಲಿ ಅರ್ಜಿ ಹಾಕಿದ್ದಾಳೆ.

ಹಣವನ್ನು ತಂದೆಯ ಕೈಗೆ ಕೊಡದೆ ಹುಡುಗಿಯ ಖಾತೆಗೇ ಹಾಕುವ ಕಾರಣಕ್ಕಾಗಿ, ಮೇಲಿನ ಎಲ್ಲ ಕೊರತೆಗಳ ನಡುವೆಯೂ ನಾನು ಈ ಯೋಜನೆಯನ್ನು ಕೇಳಿದವರಿಗೆಲ್ಲ ಶಿಫಾರಸು ಮಾಡುತ್ತೇನೆ. ನನ್ನ ಕಿರಿಯ ಮಗಳು ಈಗ ದ್ವಿತೀಯ ಪಿಯುಸಿಯಲ್ಲಿದ್ದಾಳೆ. ಅವಳ ಆಧಾರ್ ಕಾರ್ಡಿನ ಹೆಸರನ್ನು ಅಂಕಪಟ್ಟಿಯಲ್ಲಿ ಇದ್ದಂತೆಯೇ, ಅದೇ ಎರಡು ಇನಿಶಿಯಲ್‌ಗಳೊಂದಿಗೆ, ಕಳೆದ ತಿಂಗಳು ತಿದ್ದಿಸಿಕೊಂಡು ಬಂದಿದ್ದೇವೆ.