ಬಡಿತ ತಪ್ಪುವ ಎದೆಗೆ ವಾಚೋ, ಪಟ್ಟಿಯೋ?

ಹೃದಯದ ಬಡಿತ ಎಣಿಸಲು ವಾಚಿನ ಬದಲು ಎದೆಗೆ ಕಟ್ಟುವ ಪಟ್ಟಿಯನ್ನೇ ಮೊದಲು ಕೊಂಡಿದ್ದರೆ ನನ್ನ 6,500 ರೂಪಾಯಿ ಉಳಿಯುತ್ತಿತ್ತು, ಒಂದು ಭಾನುವಾರದ ದಿಗಿಲೂ ತಪ್ಪುತ್ತಿತ್ತು.

ನನಗೆ ಪಿವಿಸಿ ಇದೆ. ಹೃದಯದ ಕೆಳಕೋಣೆಯಿಂದ ಆಗಾಗ ಒಂದು ಬಡಿತ ಸರದಿಗೆ ಮುಂಚೆಯೇ ನುಗ್ಗಿಬಿಡುತ್ತದೆ. ಹೃದಯದ ಸ್ಕ್ಯಾನ್ ಆದ ಎಕೋ, 24 ಗಂಟೆ ಮೈಗೆ ಕಟ್ಟಿಕೊಂಡೇ ಇರುವ ಹೋಲ್ಟರ್ ಇಸಿಜಿ, ಟ್ರೆಡ್‌ಮಿಲ್ ಪರೀಕ್ಷೆ ಎಲ್ಲ ಆದ ಮೇಲೆ ಡಾಕ್ಟರು ‘ಹೃದಯ ಚೆನ್ನಾಗಿದೆ, ವ್ಯಾಯಾಮ ಬಿಡಬೇಡಿ’ ಅಂದರು. ಟ್ರೆಡ್‌ಮಿಲ್ ವೇಗ ಏರಿದಂತೆ ಆ ಬಡಿತಗಳು ಕಾಣೆಯಾಗಿ, ನಿಂತ ಮೇಲೆ ಮರಳಿದ್ದವು. ಧೈರ್ಯಕ್ಕಿರಲಿ ಎಂದು ವಾಚ್ ಕೊಂಡೆ.

ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ನಂದಿಯ ಹತ್ತಿರ ಕೂತೆ. ಏದುಸಿರು ಇನ್ನೂ ಇಳಿದಿಲ್ಲ, ವಾಚಿನಲ್ಲಿ 48! ಮಣಿಕಟ್ಟಿಗೆ ಬೆರಳಿಟ್ಟು ಎಣಿಸಿದೆ, ಅದೂ ಅಷ್ಟೇ. ಎದೆಯೊಳಗೆ ಧಸಕ್ ಧಸಕ್. ಗೆಳೆಯ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದ. ಅಲ್ಲಿ ಬೆರಳಿಗೆ ಸಿಕ್ಕಿಸಿದ ಯಂತ್ರ 47 ಅಂದಿತು, ಇಸಿಜಿ 94 ಅಂದಿತು. ಒಂದು ಸರಿ ಬಡಿತ, ಒಂದು ಪಿವಿಸಿ, ಹೀಗೆ ಜೋಡಿ ಜೋಡಿಯಾಗಿ ಬರುತ್ತಿದ್ದವು. ಬೈಜೆಮಿನಿ ಅನ್ನುತ್ತಾರೆ. ಅವಸರದ ಬಡಿತ ಬರುವ ಹೊತ್ತಿಗೆ ಹೃದಯದಲ್ಲಿ ರಕ್ತ ಪೂರ್ತಿ ತುಂಬಿರುವುದಿಲ್ಲ, ಅದರ ಅಲೆ ಮಣಿಕಟ್ಟು ಮುಟ್ಟುವುದೇ ಕಷ್ಟ. ಅದರ ಬೆನ್ನಿಗೆ ತುಸು ತಡೆದು ಬರುವ ಬಡಿತ ತುಂಬಿ ಬರುತ್ತದೆ, ಆ ಧಸಕ್ ಅದೇ. ವಾಚಿನ ಹಸಿರು ಬೆಳಕು ನೋಡುವುದು ಚರ್ಮದಡಿಯ ರಕ್ತದ ಏರಿಳಿತವನ್ನು. ಬಾರದ ಅಲೆಯನ್ನು ಅದು ಹೇಗೆ ಎಣಿಸೀತು? ಕೊಳ್ಳುವಾಗ ಯಾರಾದರೂ ಇದೊಂದು ಮಾತು ಹೇಳಬೇಕಿತ್ತು. ಅಂಗಡಿಯವರು ವಾಪಸ್ ತೆಗೆದುಕೊಳ್ಳಲೂ ಇಲ್ಲ.

ಪಟ್ಟಿಗೆ 3,900 ಕೊಟ್ಟೆ. ಅದು ಹಿಡಿಯುವುದು ಹೃದಯದ ವಿದ್ಯುತ್ ಸಂಕೇತವನ್ನು. ಪಿವಿಸಿ ಬಂದಾಗ ಅಂಕಿ ಸ್ವಲ್ಪ ಜಿಗಿಯುತ್ತದೆ, ಆದರೆ ಅರ್ಧಕ್ಕೆ ಕುಸಿದದ್ದನ್ನು ನಾನು ಕಂಡಿಲ್ಲ. ಒಣ ಪಟ್ಟಿ ಕಟ್ಟಿದರೆ ಬೆವರು ಬರುವ ತನಕ ಹುಚ್ಚು ಅಂಕಿ ತೋರಿಸುತ್ತದೆ. ಒಳಭಾಗವನ್ನು ನಲ್ಲಿಯಡಿ ಒದ್ದೆ ಮಾಡಿ ಕಟ್ಟಿದರೆ ಆ ತಕರಾರಿಲ್ಲ. ಡಿಸೆಂಬರ್ ಬೆಳಗಿನ ಚಳಿಯಲ್ಲಿ ಮೈ ಜುಮ್ಮೆನ್ನುತ್ತದೆ, ಅಷ್ಟೇ.

ಇಸಿಜಿ ತೆಗೆಯುವ ವಾಚನ್ನೂ ಗೆಳೆಯನಿಂದ ಪಡೆದು ಎರಡು ವಾರ ಕಟ್ಟಿದೆ. 30 ಸೆಕೆಂಡು ಅಲುಗಾಡದೆ ಬೆರಳಿಟ್ಟು ಕೂರಬೇಕು. ಡಾಕ್ಟರಿಗೆ ತೋರಿಸಲು ಒಳ್ಳೆಯದು. ನಡೆಯುವವನಿಗಲ್ಲ, ನನ್ನ ಜೇಬಿಗೂ ಅಲ್ಲ.

ನಾನು ದಿನಾ ಕುಕ್ಕರಹಳ್ಳಿ ಕೆರೆ ಸುತ್ತುವವನು. ಗೆಳೆಯನ ಜೊತೆ ಪೂರ್ತಿ ವಾಕ್ಯ ಆಡಲಾಗುವಷ್ಟೇ ವೇಗ. ಗಕ್ಕನೆ ನಿಂತರೆ ಬಡಿತಗಳ ಕಾಟ ಹೆಚ್ಚು, ಹಾಗಾಗಿ ಕೊನೆಯ ಹತ್ತು ನಿಮಿಷ ನಿಧಾನ. ನನಗೆ ಬೇಕಾದದ್ದು ಆ ಹತ್ತು ನಿಮಿಷದ ನಿಜವಾದ ಅಂಕಿ, ಅದನ್ನು ಕೊಟ್ಟದ್ದು ಪಟ್ಟಿ. ತಲೆ ಸುತ್ತಿದರೆ, ಕಣ್ಣು ಕತ್ತಲಿಟ್ಟರೆ, ಎದೆ ನೋವು ಬಂದರೆ, ನಡೆದಷ್ಟೂ ಬಡಿತ ತಪ್ಪುವುದು ಹೆಚ್ಚಿದರೆ ಯಾವ ಯಂತ್ರವನ್ನೂ ನೋಡುತ್ತ ಕೂರಬೇಡಿ, ನಿಂತು ಡಾಕ್ಟರ ಬಳಿ ಹೋಗಿ.

ನಾನು ಮೊದಲು ಕೊಂಡ ಆ ವಾಚನ್ನು ಈಗ ನನ್ನ ಹೆಂಡತಿ ಕಟ್ಟುತ್ತಾಳೆ. ಅವಳ ನಾಡಿಯನ್ನು ಅದು ಸರಿಯಾಗಿಯೇ ಎಣಿಸುತ್ತದೆ.