ಕೇಟರ್‌ಹ್ಯಾಮ್ ಸೆವೆನ್ 270: ಮನೆಯ ಗ್ಯಾರೇಜಿನಲ್ಲೇ ನೋಡಿಕೊಳ್ಳುವವರಿಗೆ ದೀರ್ಘಾವಧಿ ವಿಮರ್ಶೆ

1957ರಲ್ಲಿ ಕಾಲಿನ್ ಚಾಪ್ಮನ್ ಅವರ ಲೋಟಸ್ ಹೊರತಂದ ಸೆವೆನ್ ಕಾರಿನ ಹಕ್ಕು 1973ರಲ್ಲಿ ಇಂಗ್ಲೆಂಡಿನ ಕೇಟರ್‌ಹ್ಯಾಮ್ ಕಂಪನಿಗೆ ಬಂತು. ಬಿಡಿಭಾಗಗಳ ಕಿಟ್ ತರಿಸಿ ಮನೆಯಲ್ಲೇ ಜೋಡಿಸುವ ಪದ್ಧತಿ ಅಲ್ಲಿ ಇಂದಿಗೂ ಇದೆ. ಇಲ್ಲಿ ಹೇಳುತ್ತಿರುವುದು 270 ಮಾದರಿಯ ಬಗ್ಗೆ. 1.6 ಲೀಟರ್ ಫೋರ್ಡ್ ಸಿಗ್ಮಾ ಎಂಜಿನ್, 135 ಅಶ್ವಶಕ್ತಿ, ಐದು ಗೇರ್, ತೂಕ ಸುಮಾರು 540 ಕೆಜಿ. ನಮ್ಮ ಹಳೆಯ ಮಾರುತಿ 800ಕ್ಕಿಂತಲೂ ಹಗುರ.

ಎಂಜಿನ್ ಹೆಚ್ಚು ಕಾಡುವುದಿಲ್ಲ. ಆಯಿಲ್, ಫಿಲ್ಟರ್, ಪ್ಲಗ್ ಎಲ್ಲ ಸಾಧಾರಣ ಫೋರ್ಡ್ ಕಾರಿನ ಲೆಕ್ಕವೇ. ಈ ಗಾಡಿ ಕೆಲಸ ಕೇಳುವುದು ಒಂದು ಭಾಗ ಇನ್ನೊಂದಕ್ಕೆ ಕೂಡುವ ಜಾಗಗಳಲ್ಲಿ, ಅಂದರೆ ನಟ್ಟು, ಬುಷ್ (ಎರಡು ಭಾಗಗಳ ನಡುವೆ ಕೂರುವ ರಬ್ಬರ್ ಮೆತ್ತೆ), ರಿವೆಟ್‌ಗಳಲ್ಲಿ. ಕೊಳ್ಳುವ ಮೊದಲು ಇದನ್ನು ಒಪ್ಪಿಕೊಂಡವರಿಗೆ ಇಷ್ಟು ಸಂತೋಷ ಕೊಡುವ ಕಾರು ಕಡಿಮೆ.

ಅಲುಗಾಟಕ್ಕೆ ನಟ್ಟುಗಳು ಸಡಿಲವಾಗುತ್ತವೆ. ಟಾರ್ಕ್ ರೆಂಚಿನಲ್ಲಿ ಬಿಗಿದ ಮೇಲೆ ನಟ್ಟಿನಿಂದ ಬ್ರಾಕೆಟ್‌ವರೆಗೆ ಬಿಳಿ ಪೇಂಟಿನ ಒಂದು ಗೆರೆ ಎಳೆಯಿರಿ. ಮುಂದೆ ಸ್ಪ್ಯಾನರ್ ಹಿಡಿಯುವುದೇ ಬೇಡ, ಟಾರ್ಚ್ ಹಾಕಿ ನೋಡಿದರೆ ಸಾಕು. ಗೆರೆ ಮುರಿದಿದ್ದರೆ ನಟ್ಟು ತಿರುಗಿದೆ ಎಂದೇ ಅರ್ಥ. ನೈಲಾನ್ ಉಂಗುರದ ನಟ್ಟನ್ನು ಬಿಚ್ಚಿದರೆ ಹೊಸದು ಹಾಕಿ, ಹಳೆಯದರ ಹಿಡಿತ ಕಡಿಮೆಯಾಗಿರುತ್ತದೆ. ಮುಂದಿನ ಮಡ್‌ಗಾರ್ಡ್ ಹಿಡಿದಿರುವ ಕೊಳವೆಗಳನ್ನು ತೊಳೆಯುವಾಗಲೆಲ್ಲ ಬೆರಳಾಡಿಸಿ ನೋಡಿ. ಬಿರುಕು ಮೊದಲು ಕಾಣುವುದು ವೆಲ್ಡಿಂಗ್ ಪಕ್ಕದಲ್ಲಿ, ಪೇಂಟಿನಲ್ಲಿ ಕೂದಲೆಳೆಯ ಹಾಗೆ.

ಹಿಂದಿನ ಎರಡು ಚಕ್ರಗಳನ್ನು ಜೋಡಿಸುವ ಡಿ ಡಿಯಾನ್ ಕೊಳವೆಯನ್ನು ಅಡ್ಡಕ್ಕೆ ಸರಿಯದಂತೆ ಹಿಡಿಯುವುದು ಕೆಳಗಿನ ಎ-ಫ್ರೇಮ್, ಅಂದರೆ ಎ ಅಕ್ಷರದ ಆಕಾರದ ಚೌಕಟ್ಟು. ಆ ಹೊರೆಯೆಲ್ಲ ಅದರ ನಡುವಿನ ಬುಷ್ ಮೇಲೆ ಬೀಳುತ್ತದೆ, ಹಾಗಾಗಿ ಅದು ಸವೆಯುವ ಭಾಗವೇ. ಗೇರ್ ಬದಲಿಸಿದಾಗ ಹಿಂದಿನಿಂದ 'ಟಕ್' ಎಂದರೆ, ಆಕ್ಸಿಲರೇಟರ್ ಬಿಟ್ಟ ಕೂಡಲೇ ಹಿಂಭಾಗ ಪಕ್ಕಕ್ಕೆ ಕದಲಿದಂತೆ ಅನ್ನಿಸಿದರೆ ಮೊದಲು ಇಲ್ಲೇ ನೋಡಿ. ಒಬ್ಬರು ಗಾಡಿಯ ಹಿಂಭಾಗವನ್ನು ಅಡ್ಡಕ್ಕೆ ಅಲುಗಾಡಿಸಲಿ, ಇನ್ನೊಬ್ಬರು ಕೊಳವೆಗೂ ಎ-ಫ್ರೇಮಿಗೂ ಒಟ್ಟಿಗೆ ತಾಗುವಂತೆ ಬೆರಳಿಡಲಿ. ಸವೆದಿದ್ದರೆ ಬೆರಳಿಗೇ ಗೊತ್ತಾಗುತ್ತದೆ. ಹೊಸ ರಬ್ಬರ್ ಬುಷ್ ಹಾಕಿದಾಗ ಬೋಲ್ಟಿಗೆ ಗ್ರೀಸ್ ಹಚ್ಚಿ, ಇಲ್ಲದಿದ್ದರೆ ಬುಷ್ ಒಳಗಿನ ಲೋಹದ ಕೊಳವೆಗೆ ಅಂಟಿಕೊಂಡು ಮುಂದಿನ ಸಲ ಕತ್ತರಿಸಿಯೇ ತೆಗೆಯಬೇಕಾದೀತು. ಕೊನೆಯ ಬಿಗಿತವನ್ನು ಗಾಡಿ ನಾಲ್ಕು ಚಕ್ರದ ಮೇಲೆ ನಿಂತಾಗಲೇ ಕೊಡಿ. ಜಾಕ್ ಮೇಲೆ ಇದ್ದಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಉಕ್ಕಿನ ಚಾಸಿಗೆ ಅಲ್ಯೂಮಿನಿಯಂ ತಗಡು ಹೊದಿಸಿದ ಗಾಡಿ ಇದು. ಇಂಗ್ಲೆಂಡಿನ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ. ಎರಡು ಲೋಹ ತಾಗುವಲ್ಲಿ ಉಪ್ಪುನೀರು ನಿಂತರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗುತ್ತದೆ. ರಿವೆಟ್ ಸುತ್ತ ಪೇಂಟ್ ಸಾಸಿವೆಯಷ್ಟು ಉಬ್ಬಿದರೆ ಅದೇ ಸುಳಿವು. ತಲೆಯನ್ನು ಡ್ರಿಲ್ ಮಾಡಿ ತೆಗೆಯಿರಿ, ತುಂಡು ಚಾಸಿಯ ಕೊಳವೆಯೊಳಗೆ ಬೀಳದಂತೆ ಎಚ್ಚರ, ಬಿದ್ದರೆ ಅದರ ಕಿಟಿಕಿಟಿ ಸದ್ದು ಬಿಡುವುದಿಲ್ಲ. ತೂತನ್ನು ಒರೆಸಿ, ತಳ ಮುಚ್ಚಿದ ಅಲ್ಯೂಮಿನಿಯಂ ರಿವೆಟ್‌ಗೆ ಎರಡು ಲೋಹ ನೇರ ತಾಗದಂತೆ ತಡೆಯುವ ಡ್ಯುರಾಲಾಕ್‌ನಂಥ ಪೇಸ್ಟ್ ಸವರಿ ಹೊಡೆಯಿರಿ. ಗಟ್ಟಿಯಾಗಲಿ ಎಂದು ಸಾದಾ ಉಕ್ಕಿನ ರಿವೆಟ್ ಹಾಕಬೇಡಿ.

ಇನ್ನು ಮಾರ್ಪಾಡು. ದುಡ್ಡು ಖರ್ಚು ಮಾಡುವ ಮೊದಲು ಟೈರಿನ ಗಾಳಿ ನೋಡಿ. ದೊಡ್ಡ ಕಾರಿನ ಅಭ್ಯಾಸದಲ್ಲಿ 30 ಪಿಎಸ್‌ಐ ತುಂಬಿದರೆ ಗಾಡಿ ಪುಟಿಯುತ್ತದೆ, ಟೈರ್ ನಡುವೆ ಮಾತ್ರ ಸವೆಯುತ್ತದೆ. ತಣ್ಣಗಿರುವಾಗ 18ರ ಆಸುಪಾಸಿನಿಂದ ಶುರು ಮಾಡಿ. ಸರ್ವೊ (ಕಾಲಿನ ಒತ್ತಡಕ್ಕೆ ನೆರವಾಗುವ ಸಾಧನ) ಇಲ್ಲದ ಬ್ರೇಕಿಗೆ ಮಿಂಟೆಕ್ಸ್ 1144ರಂಥ, ತಣ್ಣಗಿದ್ದಾಗಲೂ ಕಚ್ಚುವ ಪ್ಯಾಡ್ ಒಳ್ಳೆಯದು. ಡಾಟ್ 4 ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಿಸಿ.

ನಿಜವಾದ ಲಾಭ ನಾಲ್ಕು ಚಕ್ರದ ತೂಕ ಹೊಂದಿಸುವುದರಲ್ಲಿದೆ. 80 ಕೆಜಿಯ ಚಾಲಕ ಎಂದರೆ ಈ ಕಾರಿನ ತೂಕದ ಏಳನೇ ಒಂದು ಭಾಗ, ಅದೂ ಒಂದೇ ಪಕ್ಕದಲ್ಲಿ. ಸಮತಟ್ಟು ನೆಲ, ನಾಲ್ಕು ತಕ್ಕಡಿ, ಅರ್ಧ ಟ್ಯಾಂಕ್ ಪೆಟ್ರೋಲ್ ಬೇಕು. ಸೀಟಿನಲ್ಲಿ ಚಾಲಕನಷ್ಟೇ ತೂಕದ ಮರಳಿನ ಚೀಲ ಇಡಿ. ತಿರುವಿನಲ್ಲಿ ಗಾಡಿ ವಾಲದಂತೆ ಎಡ-ಬಲ ಚಕ್ರಗಳನ್ನು ಜೋಡಿಸುವ ಮುಂದಿನ ಆಂಟಿ-ರೋಲ್ ಬಾರ್‌ನ ಒಂದು ಲಿಂಕ್ ಬಿಚ್ಚಲೇಬೇಕು, ಮರೆತರೆ ಓದುವ ಅಂಕಿಗಳೆಲ್ಲ ಸುಳ್ಳು. ಮುಂದಿನ ಬಲ ಸ್ಪ್ರಿಂಗಿನ ಎತ್ತರ ಹೊಂದಿಸುವ ಉಂಗುರ ಏರಿಸಿದರೆ ಆ ಚಕ್ರಕ್ಕೂ ಹಿಂದಿನ ಎಡ ಚಕ್ರಕ್ಕೂ ಭಾರ ಕೂಡುತ್ತದೆ, ಉಳಿದೆರಡಕ್ಕೆ ಇಳಿಯುತ್ತದೆ. ಚಾಲಕ ಸೇರಿ ಒಟ್ಟು 620 ಕೆಜಿ ಬಂದರೆ ಎರಡೂ ಕರ್ಣದಲ್ಲಿ 310, 310 ಬರಬೇಕು. ಒಂದೇ ಮೂಲೆಯನ್ನು ತಿರುಗಿಸುತ್ತಾ ಹೋದರೆ ಎತ್ತರ ಕೆಡುತ್ತದೆ. ಒಂದು ಕರ್ಣದ ಎರಡನ್ನೂ ಅರ್ಧ ಸುತ್ತು ಏರಿಸಿ, ಇನ್ನೊಂದರ ಎರಡನ್ನೂ ಅಷ್ಟೇ ಇಳಿಸಿ. ಪ್ರತಿ ಸಲವೂ ಗಾಡಿಯನ್ನು ಹಿಂದೆಮುಂದೆ ಉರುಳಿಸಿದ ಮೇಲೆಯೇ ಅಳೆಯಿರಿ, ಜಾಕ್ ಇಳಿಸಿದಾಗ ಟೈರುಗಳು ನೆಲಕ್ಕೆ ಕಚ್ಚಿ ಅಡ್ಡ ನಿಂತಿರುತ್ತವೆ. ಕೊನೆಗೆ ಲಿಂಕಿನ ಉದ್ದವನ್ನು ಬೋಲ್ಟ್ ಕೈಯಿಂದಲೇ ಜಾರಿ ಒಳಹೋಗುವಷ್ಟಕ್ಕೆ ಹೊಂದಿಸಿ ಸೇರಿಸಿ. ಎತ್ತರ ಬದಲಾಗಿದ್ದರೆ ಚಕ್ರದ ಅಲೈನ್‌ಮೆಂಟ್ ಮತ್ತೆ ನೋಡಲೇಬೇಕು.

ತಗ್ಗಿಸುವ ಆಸೆಗೆ ಮಾತ್ರ ಕಡಿವಾಣ ಇರಲಿ. ಈ ಗಾಡಿಯಲ್ಲಿ ನೆಲಕ್ಕೆ ತೀರಾ ಹತ್ತಿರ ಇರುವುದು ಎಂಜಿನ್ ಸಂಪ್, ಅಂದರೆ ಆಯಿಲ್ ನಿಲ್ಲುವ ತಳದ ತೊಟ್ಟಿ. ರಸ್ತೆ ಉಬ್ಬಿಗೆ ಬಡಿದು ಆಯಿಲ್ ಸೋರಿದರೆ ಎಂಜಿನ್ನೇ ಹೋದೀತು. ಓಡಿಸುವ ರಸ್ತೆಯಲ್ಲಿ ಅತಿ ಎತ್ತರದ ಉಬ್ಬು ಎಷ್ಟಿದೆ ಎಂದು ಟೇಪ್ ಹಿಡಿದು ಅಳೆದುಕೊಂಡು, ಆಮೇಲೆ ಸ್ಪ್ರಿಂಗಿನ ಉಂಗುರಕ್ಕೆ ಕೈಹಾಕಿ.